ನಡೆಯುತ್ತ ಚರಿತ್ರೆ, ನಡುವೆ ಕಾಫಿ

ಪ್ರವಾಸಿಗರನ್ನು ಹಳೆಯ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ, ನಡುನಡುವೆ ಶತಮಾನಗಳಷ್ಟು ಹಳೆಯ ಪಬ್ಬುಗಳಲ್ಲಿ ಕೂರಿಸಿ ಊರಿನ ಕಥೆ ಹೇಳುವ ಪರಿಪಾಠ ಲಂಡನ್ನಿನಲ್ಲಿದೆ. ಅಲ್ಲಿನ ಪಬ್ಬು ಬರೀ ಕುಡಿಯುವ ಜಾಗವಲ್ಲ, ಊರವರ ಹರಟೆಯ ಚಾವಡಿ. ನಮ್ಮಲ್ಲಿ ಆ ಸ್ಥಾನ ಕಾಫಿ-ತಿಂಡಿಯ ಹೋಟೆಲುಗಳದು.

ರಜೆಯಲ್ಲಿ ಕಾಗವಾಡ, ಅಥಣಿ ಕಡೆಯಿಂದ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಅರ್ಧ ದಿನ ಬಸ್ಸು ಬಿಟ್ಟು ನಡೆದು ನೋಡಲಿ. ಲಾಲ್‌ಬಾಗಿನ ಬಂಡೆಯಿಂದ ಹೊರಡಬಹುದು. ಅದು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ. ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಹತ್ತಿರದಲ್ಲೇ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿಯ ಅಭಾವವಾದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಎನ್ನುತ್ತಾರೆ ಹೋಟೆಲಿನವರು. ಯುದ್ಧದ ಪಾಠ ತಟ್ಟೆಗೇ ಬಂತಲ್ಲ! ಮುಂದೆ ಬಸವನಗುಡಿಯ ದೊಡ್ಡ ಬಸವಣ್ಣ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಸುತ್ತಲಿನ ಶಾಲೆಗಳ ಹುಡುಗರಿಗಾಗಿ ತೆರೆದ ಹೋಟೆಲೆಂಬುದನ್ನು ಹೆಸರೇ ಸಾರುತ್ತದೆ. ಜೊತೆಗೆ ಬಂದು ವಿವರಿಸುವವರು ಬೇಕೆಂದರೆ, ಇಂಟಾಕ್ ಸಂಸ್ಥೆಯ ಬೆಂಗಳೂರು ಶಾಖೆ ಇಂಥ ಪರಂಪರೆ ನಡಿಗೆಗಳನ್ನು ನಡೆಸುತ್ತದೆ.

ಆದರೆ ಇದಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ ಯಾಪನೀಯ ಸಂಘದ ಜೈನ ಮುನಿಗಳನ್ನು ಹೆಸರಿಸುವ 1394ರ ಶಾಸನವಿದೆ. ಒಂದು ಕಾಲಕ್ಕೆ ಈ ನಾಡಿನಲ್ಲಿ ಹೆಸರು ಮಾಡಿದ್ದ ಆ ಪಂಥ ಇಂದಿಲ್ಲ. ಅದರ ಕೊನೆಗಾಲದ ಸಾಕ್ಷಿ ಊರಲ್ಲೇ ಇದ್ದರೂ ಅದರ ಮುಂದೆ ನಿಂತು ಓದಿ ಹೇಳುವವರಿಲ್ಲದಿದ್ದರೆ ಮಕ್ಕಳ ಕಣ್ಣಿಗೆ ಅದು ಬರೀ ಕಲ್ಲು. ತಂದೆತಾಯಿಗಳು ಬಲ್ಲ ಶಿಕ್ಷಕರೊಬ್ಬರನ್ನೋ ಊರ ಹಿರಿಯರನ್ನೋ ಜೊತೆಗೂಡಿಸಿ ಒಂದು ಭಾನುವಾರ ಮಕ್ಕಳನ್ನು ಕರೆದೊಯ್ಯಲಿ. ನಡಿಗೆಯ ಕೊನೆಗೆ ಮಿರ್ಚಿ ಭಜಿ, ಚಹಾ ಇದ್ದೇ ಇದೆ.