ಮೂಡಿಗೆರೆಯ ಮೀನಿಗೆ ಲ್ವಾರ್ ಕಣಿವೆಯ ವೈನ್

ಚಾರ್ಮಾಡಿ ಘಾಟಿ ಹತ್ತಿ ಮಂಗಳೂರಿನ ಮೀನು ಮೂಡಿಗೆರೆಗೆ ಬಂದಾಯ್ತು. ಕಾಣೆ ರವಾ ಫ್ರೈ ಕಾವಲಿಯ ಮೇಲೆ ಚೊಯ್ ಅಂತಿದೆ. ಇದಕ್ಕೆ ಯಾವ ವೈನ್?

ಸೊವಿನ್ಯೋ ಬ್ಲಾಂ. ಫ್ರಾನ್ಸಿನ ಲ್ವಾರ್ ಕಣಿವೆಯ ಬಿಳಿ ವೈನ್. ಅಲ್ಲಿನ ಸಾನ್ಸೇರ್‌ನಲ್ಲಿ ಇದಕ್ಕೆ ಮೇಕೆ ಹಾಲಿನ ಚೀಸ್ ಜೋಡಿ. ಕಾರಣ ಈ ವೈನಿನ ಹುಳಿ. ಮೀನಿಗೆ ನಿಂಬೆ ಹಿಂಡಿದ ಹಾಗೆ, ಒಂದು ಗುಟುಕಿಗೆ ಎಣ್ಣೆಯ ಜಿಡ್ಡೆಲ್ಲ ನಾಲಿಗೆಯಿಂದ ಇಳಿದುಹೋಗುತ್ತದೆ. ಜೊತೆಗೆ ನೀರುದೋಸೆ ಇದ್ದರಂತೂ ಕೇಳಲೇಬೇಡಿ!

ಫ್ರೆಂಚ್ ಬಾಟಲಿ ದುಬಾರಿಯೇ? ನಂದಿಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯವರೂ ಸೊವಿನ್ಯೋ ಬ್ಲಾಂ ದ್ರಾಕ್ಷಿಯ ವೈನ್ ಮಾಡುತ್ತಾರೆ. 8ರಿಂದ 10 ಡಿಗ್ರಿಗೆ ತಣ್ಣಗಾಗಿಸಿ ಸುರಿಯಿರಿ.

ಕಾಳುಮೆಣಸು ಜಡಿದ ಹಂದಿ ಸಾರಿಗೆ ಮಾತ್ರ ಇದು ಬೇಡ. ಆಲ್ಕೋಹಾಲ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಅದಕ್ಕೆ ಬಿಸಿ ಕಡುಬೇ ಸರಿ.