ಸೂರ್ಯನ ಬೆಳಕಿನಿಂದ ಶೇಂಗಾ ಕಾಳಿನವರೆಗೆ

ಶಾಲೆಗೆ ಹೋಗುವ ನಮ್ಮ ಮಕ್ಕಳು ಖಗೋಳಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂದು ಬೇರೆ ಬೇರೆ ಪಾಠಗಳನ್ನು ಓದುತ್ತಾರೆ. ಆದರೆ ಈ ಶಾಸ್ತ್ರಗಳೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರಿದ್ದಂತೆ. ಒಬ್ಬನು ಕಂಡುಕೊಂಡ ಉಪಾಯ ಇನ್ನೊಬ್ಬನ ಕೆಲಸಕ್ಕೂ ಬರುತ್ತದೆ. ಬೆಳಕನ್ನು ಸಾಕ್ಷಿಯಾಗಿಟ್ಟುಕೊಂಡು ಕಣ್ಣಿಗೆ ಕಾಣದ ವಸ್ತುವನ್ನು ಗುರುತಿಸುವುದು ಅಂಥ ಒಂದು ಉಪಾಯ. ಅದು ಸೂರ್ಯನಲ್ಲಿ ಏನಿದೆಯೆಂದು ತಿಳಿಸಿತು. ನಮ್ಮ ಕಣದಲ್ಲಿ ರಾಶಿ ಹಾಕಿದ ಶೇಂಗಾದಲ್ಲಿ ಏನು ಅಡಗಿರಬಹುದೆಂದೂ ತಿಳಿಸಿತು.

1868ನೇ ಇಸವಿ ಆಗಸ್ಟ್ 18ರಂದು ನಮ್ಮ ದೇಶದಲ್ಲಿ ಸಂಪೂರ್ಣ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ಫ್ರಾನ್ಸಿನ ವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಇಂಗ್ಲೆಂಡಿನ ಪರವಾಗಿ ಜಾನ್ ಹರ್ಷಲ್ ಎಂಬ ಸೈನ್ಯಾಧಿಕಾರಿ ಜಮಖಂಡಿಯಲ್ಲಿ ಯಂತ್ರ ಹೂಡಿದ್ದರು. ಜಮಖಂಡಿಯಿಂದ ಗುಂಟೂರಿಗೆ ನೇರ ಗೆರೆ ಎಳೆದರೆ ಅದು ನಮ್ಮ ಕೃಷ್ಣಾ ತೀರದ ಸೀಮೆಯ ಮೇಲೆಯೇ ಹಾದುಹೋಗುತ್ತದೆ. ಅಂದು ಹಗಲಿನಲ್ಲೇ ಕತ್ತಲಾದದ್ದನ್ನು ಈ ನಡಿಗಡ್ಡೆಯ ಹಿರಿಯರೂ ಕಂಡಿರಬೇಕು.

ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದಾಗ ಬಣ್ಣಬಣ್ಣದ ಗೆರೆಗಳು ಕಂಡವು. ಪ್ರತಿಯೊಂದು ಮೂಲವಸ್ತುವಿಗೂ ಅದರದೇ ಆದ ಗೆರೆಗಳಿರುತ್ತವೆ. ಕುರಿಯ ಕಿವಿಗೆ ಹಾಕಿದ ಗುರುತಿದ್ದಂತೆ. ಅವುಗಳಲ್ಲಿ ಒಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಅದನ್ನು ಮತ್ತೆ ಪರೀಕ್ಷಿಸಿದರು. ಆ ಹೊಸ ವಸ್ತುವಿಗೆ ಗ್ರೀಕ್ ಭಾಷೆಯ ಸೂರ್ಯನ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂದಿತು. ಅದು ಭೂಮಿಯ ಮೇಲೂ ಇದೆಯೆಂದು ರಾಮ್ಸೆ ಎಂಬ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟದ್ದು 1895ರಲ್ಲಿ.

ಇನ್ನು ಶೇಂಗಾದ ವಿಷಯಕ್ಕೆ ಬರೋಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ರೋಗಾಣು ಯಾವುದೂ ಸಿಗಲಿಲ್ಲ. ಕೊನೆಗೆ ಅನುಮಾನ ಅವುಗಳ ಆಹಾರದ ಮೇಲೆ ಹೋಯಿತು. ಅದರಲ್ಲಿ ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿ ಇತ್ತು. ಹಿಂಡಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬಣ್ಣದ ಬೂಷ್ಟು ಹತ್ತಿತ್ತು. ರಸಾಯನಶಾಸ್ತ್ರಜ್ಞರು ಆ ಹಿಂಡಿಯ ಸಾರವನ್ನು ಬೇರ್ಪಡಿಸಿ ನೇರಳಾತೀತ ಬೆಳಕಿನ ಕೆಳಗೆ ಹಿಡಿದಾಗ ಕೆಲವು ಮಚ್ಚೆಗಳು ನೀಲಿಯಾಗಿ, ಕೆಲವು ಹಸಿರಾಗಿ ಹೊಳೆದವು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ನೀಲಿಯಾಗಿ ಹೊಳೆಯುವುದಕ್ಕೆ ಬಿ, ಹಸಿರಾಗಿ ಹೊಳೆಯುವುದಕ್ಕೆ ಜಿ ಎಂಬ ಅಕ್ಷರ ಸೇರಿತು. ಆ ಬಣ್ಣಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಅವು.

ಇದು ಪರದೇಶದ ಕೋಳಿಗಳ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. 1974ರಲ್ಲಿ ರಾಜಸ್ಥಾನದ ಬನ್ಸ್‌ವಾರಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆಯಾಗಿ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಕಾಯಿಲೆ ಬಿದ್ದ 397 ಮಂದಿಯಲ್ಲಿ 106 ಮಂದಿ ತೀರಿಕೊಂಡರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹೋಗಿ ನೋಡಿದಾಗ, ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಆ ಬಡ ಕುಟುಂಬಗಳು ದಿನವೂ ಉಂಡಿದ್ದುದು ತಿಳಿದುಬಂತು. ಅದರಲ್ಲಿ ಇದೇ ವಿಷವಿತ್ತು. ಅಲ್ಲಿ ಮೆಕ್ಕೆಜೋಳ, ಇಲ್ಲಿ ಶೇಂಗಾ. ಬೂಷ್ಟು ಮಾತ್ರ ಒಂದೇ.

ಹೀಗೆ ಒಮ್ಮೆಲೇ ಸಾವು ತರುವುದು ಅಪರೂಪ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ದೃಢಪಡಿಸಿದೆ. ಹೆಪಟೈಟಿಸ್ ಬಿ ಸೋಂಕು ಇದ್ದವರಿಗೆ ಅಪಾಯ ಇನ್ನೂ ಬಹಳ ಹೆಚ್ಚು. ಆದ್ದರಿಂದ ಹುಟ್ಟಿದ ಮಗುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಆ ಲಸಿಕೆಯನ್ನು ತಾಯಂದಿರು ತಪ್ಪಿಸಬಾರದು. ಮಾರಾಟದ ಶೇಂಗಾದಲ್ಲಿ ಕಿಲೋ ಒಂದಕ್ಕೆ 15 ಮೈಕ್ರೊಗ್ರಾಂಗಿಂತ ಹೆಚ್ಚು ವಿಷ ಇರಕೂಡದೆಂಬುದು ನಮ್ಮ ದೇಶದ ನಿಯಮ. ತಲಾ ಹತ್ತು ಟನ್ ತುಂಬಿದ ನೂರು ಲಾರಿಗಳ ಶೇಂಗಾದಲ್ಲಿ ಒಟ್ಟು 15 ಗ್ರಾಂ ಎಂದರೆ ಆ ಅಳತೆ ಎಷ್ಟು ಸೂಕ್ಷ್ಮವೆಂದು ತಿಳಿದೀತು.

ಇಲ್ಲಿ ನಾವು ನಮ್ಮ ಮನೆಗಳ ಒಂದು ರೂಢಿಯನ್ನು ಯೋಚಿಸಬೇಕು. ಗಟ್ಟಿಯಾದ, ದಪ್ಪ ಕಾಳು ಮಾರುಕಟ್ಟೆಗೆ ಹೋಗುತ್ತದೆ. ಸುಕ್ಕುಗಟ್ಟಿದ್ದು, ಒಡೆದದ್ದು, ಬಣ್ಣಗೆಟ್ಟದ್ದು ಮನೆಯ ಚಟ್ನಿಗೆ, ಗಾಣಕ್ಕೆ, ದನದ ಬಾನಿಗೆ ಉಳಿಯುತ್ತದೆ. ವಿಷ ಹೆಚ್ಚಾಗಿ ಸೇರಿಕೊಂಡಿರುವುದು ಇಂಥ ಕಾಳುಗಳಲ್ಲೇ ಎಂಬುದು ಸಂಶೋಧನೆಯ ಮಾತು. ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ಮಕ್ಕಳಿಗೆ ಉಣಿಸಿದರೆ ಬಂದ ಹಣ ಆಸ್ಪತ್ರೆಗೆ ಸುರಿಯಬೇಕಾದೀತು. ಹುರಿದರೆ, ಕುದಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಎಮ್ಮೆ ತಿಂದರೆ ಅದರ ಒಂದು ಅಂಶ ಹಾಲಿನಲ್ಲಿ ಇಳಿಯುತ್ತದೆ. ಹಾಲು ಕಾಸಿದರೂ ಅದು ಉಳಿಯುತ್ತದೆ.

ಹಾಗಾದರೆ ರೈತನು ಏನು ಮಾಡಬೇಕು? ಈ ಬೂಷ್ಟು ಮಣ್ಣಿನಲ್ಲೇ ಇರುತ್ತದೆ. ಕಾಯಿ ಬಲಿಯುವ ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟು ನೆಲ ಕಾದರೆ ಕಾಳಿನ ರಕ್ಷಣಾಶಕ್ತಿ ಕುಂದಿ ಬೂಷ್ಟು ಒಳಗೆ ನುಗ್ಗುತ್ತದೆ. ಮಸಾರಿ ಭೂಮಿ ಬೇಗ ಒಣಗುವುದರಿಂದ ನಮ್ಮಲ್ಲಿ ಈ ಭಯ ಹೆಚ್ಚು. ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾಲಯಗಳ ಅನುಭವದಿಂದ ಈ ಕೆಳಗಿನ ಕ್ರಮಗಳು ಪ್ರಯೋಜನಕರವೆಂದು ಕಂಡುಬಂದಿವೆ.

1. ಕೊಟ್ಟಿಗೆ ಗೊಬ್ಬರ ಹಾಕಿರಿ. ಹೂ ಬಿಡುವ ಕಾಲಕ್ಕೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಕೊಡಿರಿ. ಸುಣ್ಣದ ಅಂಶದಿಂದ ಸಿಪ್ಪೆ ಮತ್ತು ಕಾಳು ಗಟ್ಟಿಯಾಗುತ್ತವೆ. ನೀರಿನ ಅನುಕೂಲವಿದ್ದವರು ಕಾಯಿ ಬಲಿಯುವಾಗ ಒಂದು ಸಲ ನೀರು ಬಿಡಲು ಮರೆಯಬಾರದು.

2. ಹತ್ತರಲ್ಲಿ ಏಳೆಂಟು ಕಾಯಿಗಳ ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ಗಿಡ ಕೀಳಿರಿ. ತಡಮಾಡಿದಷ್ಟೂ ಬೂಷ್ಟಿಗೆ ಅವಕಾಶ. ಗುದ್ದಲಿಯ ಪೆಟ್ಟು ಬಿದ್ದ, ಗೆದ್ದಲು ತಿಂದ ಕಾಯಿಗಳನ್ನು ಆಗಲೇ ಬೇರೆ ಇಡಿರಿ.

3. ಕಿತ್ತ ಗಿಡಗಳನ್ನು ದೊಡ್ಡ ಬಣವೆ ಒಟ್ಟಬೇಡಿರಿ. ಒಳಗೆ ಕಾವು ಏಳುತ್ತದೆ. ಕಾಯಿ ಮೇಲೆ, ಸೊಪ್ಪು ಕೆಳಗೆ ಬರುವಂತೆ ತಿರುವಿ ಸಾಲಾಗಿ ಒಣಗಿಸಿರಿ. ತೇವ ನೂರಕ್ಕೆ 8 ಭಾಗಕ್ಕೆ ಇಳಿಯಬೇಕು. ಕಾಯಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಕಾಳನ್ನು ಬೆರಳಿನಿಂದ ಉಜ್ಜಿದರೆ ಮೇಲಿನ ಕೆಂಪು ಪೊರೆ ಬಿಡಬೇಕು.

4. ಸಿಪ್ಪೆ ಸುಲಿಯಲು ಸುಲಭವಾಗಲಿ, ತೂಕ ಬರಲಿ ಎಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಬಿಟ್ಟುಬಿಡಿರಿ. ಒಣಗಿದ ಕಾಳಿಗೆ ಬೂಷ್ಟನ್ನು ಕರೆದು ಕೂರಿಸಿದಂತೆ ಅದು.

5. ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ. ಮಳೆ ಸೋರುವ ಕಡೆ ಬೇಡ.

6. ಅಡುಗೆಗೆ ಮುಂಚೆ ಕಾಳು ಆರಿಸಿರಿ. ಬಣ್ಣಗೆಟ್ಟ, ಸುಕ್ಕಿದ, ಕಹಿಯಾದ ಕಾಳನ್ನು ಸುಡಿರಿ ಅಥವಾ ಆಳವಾಗಿ ಹೂಳಿರಿ. ತಿಪ್ಪೆಗೆ ಎಸೆದರೆ ಕೋಳಿಗಳು ಆರಿಸಿ ತಿನ್ನುತ್ತವೆ.

ಬೂಷ್ಟು ಕಣ್ಣಿಗೆ ಕಾಣದ ಕಾಳಿನಲ್ಲೂ ಸ್ವಲ್ಪ ವಿಷ ಇರಬಹುದು, ನಿಜ. ಆದರೂ ಒಣಗಿಸುವುದು, ಆರಿಸುವುದು ಎಂಬ ಈ ಎರಡು ಕೆಲಸಗಳಿಂದ ಅಪಾಯ ಬಹಳಷ್ಟು ತಗ್ಗುತ್ತದೆ. ಇವಕ್ಕೆ ಯಂತ್ರವೂ ಬೇಡ, ಸಾಲವೂ ಬೇಡ.

ಇದನ್ನು ಓದಿ ಯಾರೂ ಶೇಂಗಾ ತಿನ್ನುವುದನ್ನೇ ಬಿಡಬಾರದು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಬಡವರಿಗೆ ಇಷ್ಟು ಸುಲಭವಾಗಿ ಸಿಗುವ ಪುಷ್ಟಿ ಬೇರೆ ವಿರಳ. ಬರೀ ಜೋಳವನ್ನೇ ನಂಬಿದ ಜನರಲ್ಲಿ ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವ ಪೆಲ್ಲಾಗ್ರ ರೋಗವನ್ನು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿದರು. ಆ ರೋಗವನ್ನು ತಡೆಯುವ ನಿಯಾಸಿನ್ ಎಂಬ ಜೀವಸತ್ವ ಶೇಂಗಾದಲ್ಲಿ ಧಾರಾಳವಾಗಿದೆ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಜೊತೆಮಾಡಿದ ನಮ್ಮ ಹಿರಿಯರ ಊಟ ಈ ಲೆಕ್ಕದಲ್ಲೂ ಸರಿಯಾಗಿದೆ.

ಆದ್ದರಿಂದ ಈ ಸುಗ್ಗಿಯಲ್ಲಿ ರಾಶಿ ಮನೆಗೆ ಬಂದಾಗ ಮೊದಲ ಒಂದು ಚೀಲ ಗಟ್ಟಿ ಕಾಳನ್ನು ಮನೆಯ ಮಕ್ಕಳಿಗಾಗಿ ತೆಗೆದಿಟ್ಟು, ಉಳಿದದ್ದನ್ನು ಮಾರುಕಟ್ಟೆಗೆ ಕಳುಹಿಸಿರಿ.