ಭಾನುವಾರದ ಕಾಗದ

1947ರ ನಂತರವೂ ನೀಲಗಿರಿ, ವಯನಾಡಿನ ಚಹಾ ತೋಟಗಳಲ್ಲಿ ಕೆಲವು ಆಂಗ್ಲ ದೊರೆಗಳು ಸಂಸಾರ ಸಮೇತ ಉಳಿದಿದ್ದರು. ಮಕ್ಕಳಿಗೆ ಏಳೆಂಟು ವರ್ಷ ತುಂಬುತ್ತಲೇ ಹಡಗು ಹತ್ತಿಸಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳುಹಿಸುವುದು ಅವರಲ್ಲಿ ವಾಡಿಕೆ. ದೂರದಲ್ಲಿದ್ದವರ ಪಾಡು ಮಾತ್ರ ಇದಲ್ಲ. ಇಂಗ್ಲೆಂಡಿನಲ್ಲೇ ಇದ್ದ ಅನುಕೂಲಸ್ಥರೂ ಹಾಗೆಯೇ ಮಾಡುತ್ತಿದ್ದರು. ಇಂದಿನ ಅರಸ ಚಾರ್ಲ್ಸ್ 1957ರಲ್ಲಿ ಚೀಮ್ ಶಾಲೆಯ ಹಾಸ್ಟೆಲ್ ಸೇರಿದಾಗ ಇನ್ನೂ ಒಂಬತ್ತು ತುಂಬಿರಲಿಲ್ಲ!

ಟ್ರಂಕಿನಲ್ಲಿ ಏನೇನು ಇರಬೇಕೆಂದು ಶಾಲೆಯೇ ಪಟ್ಟಿ ಕಳುಹಿಸುತ್ತಿತ್ತು. ಕಾಲುಚೀಲವೂ ಸೇರಿ ಪ್ರತಿ ಬಟ್ಟೆಗೂ ಮಗುವಿನ ಹೆಸರಿನ ಪಟ್ಟಿ ಹೊಲಿಯುವುದು ತಾಯಿಯ ಕೆಲಸ. ಆದರೆ ಗೇಟು ದಾಟಿದ ಮೇಲೆ ಹುಡುಗನನ್ನು ಅವನ ಹೆಸರಿನಿಂದ ಕರೆಯುವವರೇ ಇಲ್ಲ, ಮನೆತನದ ಹೆಸರಷ್ಟೇ. ಅಣ್ಣತಮ್ಮಂದಿರು ಒಂದೇ ಶಾಲೆಯಲ್ಲಿದ್ದರೆ ದೊಡ್ಡವನು ‘ಮೇಜರ್’, ಚಿಕ್ಕವನು ‘ಮೈನರ್’.

ಯುದ್ಧ ಮುಗಿದರೂ ರೇಷನ್ ಮುಗಿದಿರಲಿಲ್ಲ. ಮಗುವಿನ ರೇಷನ್ ಪುಸ್ತಕವನ್ನು ಶಾಲೆಗೆ ಒಪ್ಪಿಸಬೇಕಿತ್ತು. 1946ರಿಂದ ಎರಡು ವರ್ಷ ಬ್ರೆಡ್ಡಿಗೂ ಅಳತೆ. ಮಿಠಾಯಿ ಬೇಕಾದಷ್ಟು ಕೊಳ್ಳಲು 1953ರ ಫೆಬ್ರವರಿವರೆಗೆ, ಮಾಂಸಕ್ಕೆ 1954ರ ಜುಲೈವರೆಗೆ ಕಾಯಬೇಕಾಯಿತು. ಎನಿಡ್ ಬ್ಲೈಟನ್ ಅವರ ‘ಮ್ಯಾಲರಿ ಟವರ್ಸ್’ ಕಥೆಗಳು ಹೊರಬಂದದ್ದು ಇದೇ ಬರಗಾಲದಲ್ಲಿ, 1946ರಿಂದ 1951ರ ನಡುವೆ. ಅವುಗಳನ್ನು ಓದಿ, ನಡುರಾತ್ರಿ ಗೆಳತಿಯರೊಡನೆ ಕದ್ದುಮುಚ್ಚಿ ತಿನ್ನುವ ಕನಸು ಕಂಡ ಹುಡುಗಿಯರಿಗೆ ಸಿಕ್ಕಿದ್ದು ಬೇಯಿಸಿದ ಎಲೆಕೋಸು! 1947ರ ಚಳಿಗಾಲದಲ್ಲಂತೂ ವಾರಗಟ್ಟಲೆ ಹಿಮ, ಕಲ್ಲಿದ್ದಲಿಗೂ ತತ್ವಾರ. ಉದ್ದನೆಯ ಮಲಗುವ ಕೋಣೆಗಳಲ್ಲಿ ಮಕ್ಕಳ ಬೆರಳುಗಳು ಚಳಿಗೆ ಊದಿ, ಕೆಂಪಾಗಿ, ತುರಿಸುತ್ತಿದ್ದವು.

ಚಳಿ, ಹಸಿವುಗಳನ್ನು ಆ ಮಕ್ಕಳು ಮುಪ್ಪಿನಲ್ಲಿ ನಗುತ್ತಲೇ ನೆನೆಯುತ್ತಾರೆ. ಗೆಳೆತನ, ಕ್ರಿಕೆಟ್, ಗಾಯನವೃಂದದ ಹಾಡುಗಳನ್ನೂ ಮರೆತಿಲ್ಲ. ಅವರ ನಗು ನಿಲ್ಲುವುದು ಭಾನುವಾರದ ಕಾಗದದ ಮಾತು ಬಂದಾಗ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕುಳಿತು ಮನೆಗೆ ಕಾಗದ ಬರೆಯಬೇಕು. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತಿರುತ್ತಾರೆ. ಎಷ್ಟೋ ಶಾಲೆಗಳಲ್ಲಿ ಲಕೋಟೆ ಅಂಟಿಸುವ ಮುನ್ನ ಅದನ್ನು ಅವರೇ ಓದುತ್ತಿದ್ದರು. ‘ಅಮ್ಮಾ, ಬಂದು ಕರೆದುಕೊಂಡು ಹೋಗು’ ಎಂದು ಬರೆಯುವುದು ಹೇಗೆ? ನಿನ್ನೆ ಬೆತ್ತದೇಟು ಬಿತ್ತು ಎನ್ನುವುದು ಹೇಗೆ? (ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಬೆತ್ತಕ್ಕೆ ಕಾನೂನಿನ ನಿಷೇಧ ಬಂದದ್ದು 1999ರಲ್ಲಿ.) ಹಾಸ್ಟೆಲಿನಲ್ಲಿ ಮಕ್ಕಳನ್ನು ಬಿಟ್ಟಿರುವ ನಮ್ಮ ತಂದೆತಾಯಂದಿರೇ, ಫೋನಿನಲ್ಲಿ ಮಗು ಮಾತಾಡುವಾಗ ಪಕ್ಕದಲ್ಲಿ ಯಾರು ನಿಂತಿರುತ್ತಾರೆಂದು ಎಂದಾದರೂ ಕೇಳಿದ್ದೀರಾ?

ಬೆತ್ತಕ್ಕಿಂತ ಘೋರವಾದದ್ದೂ ಆ ಕಾಗದಗಳ ಹಿಂದೆ ಅಡಗಿತ್ತು. ನಮ್ಮ ಕಥೋಲಿಕ ಸನ್ಯಾಸಿಗಳೇ ನಡೆಸುತ್ತಿದ್ದ ಆಂಪಲ್‌ಫೋರ್ತ್ ಮತ್ತು ಡೌನ್‌ಸೈಡ್ ಶಾಲೆಗಳಲ್ಲಿ ದಶಕಗಳ ಕಾಲ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದೂ, ಮಕ್ಕಳ ರಕ್ಷಣೆಗಿಂತ ಸಂಸ್ಥೆಯ ಹೆಸರೇ ದೊಡ್ಡದಾಯಿತೆಂದೂ 2018ರಲ್ಲಿ ಅಲ್ಲಿನ ಸ್ವತಂತ್ರ ವಿಚಾರಣಾ ಆಯೋಗ ವರದಿ ಮಾಡಿತು. ಓದಲು ಸಂಕಟವಾಗುತ್ತದೆ, ಆದರೂ ನಾವು ಓದಬೇಕಾದ ವರದಿ. ಬಾಲ್ಯದಲ್ಲೇ ಮನೆಯಿಂದ ಅಗಲಿದವರು ಅಳುವುದನ್ನು ನುಂಗಿ, ದೊಡ್ಡವರಾದ ಮೇಲೂ ಹೆಂಡತಿ ಮಕ್ಕಳೊಂದಿಗೆ ಮನಬಿಚ್ಚಲಾರದೆ ಒದ್ದಾಡುವುದಕ್ಕೆ ಮನಶ್ಚಿಕಿತ್ಸಕಿ ಜಾಯ್ ಶಾವೇರಿಯನ್ 2011ರಲ್ಲಿ ‘ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು.

ಎಷ್ಟೋ ತಾಯಂದಿರು ಆ ಕಾಗದಗಳನ್ನು ಕಟ್ಟಿ ಜೋಪಾನವಾಗಿ ಇಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅವು ಮತ್ತೆ ಮಗನ ಕೈಗೆ ಬರುತ್ತವೆ. ಶನಿವಾರದ ಪಂದ್ಯದಲ್ಲಿ ಯಾರು ಗೆದ್ದರೆಂದು ಇದೆ. ಮಳೆ ಬಂದದ್ದು ಇದೆ. ಅಂಚೆಚೀಟಿ ಕಳುಹಿಸಿ ಎಂದಿದೆ. ದಿಂಬಿಗೆ ಮುಖವೊತ್ತಿ ಅತ್ತ ರಾತ್ರಿಗಳ ಸುದ್ದಿ ಮಾತ್ರ ಯಾವ ಕಾಗದದಲ್ಲೂ ಇಲ್ಲ.